ಗುರುವಾರದ ಬೆನ್ನುನೋವು

ವಿನ್ನಿ ಮೊಂಗನ್‌ಗೆ ಐವತ್ತೆಂಟು. ಮುಟ್ಟು ನಿಂತು ಏಳು ವರ್ಷವಾಗಿತ್ತು. ಹನ್ನೊಂದು ಹೆತ್ತು, ಎಂಟು ಉಳಿಸಿಕೊಂಡು, ಸದ್ಯ ಆ ಕಾಟ ಮುಗಿಯಿತಲ್ಲ ಎಂದು ಮೇರಿಮಾತೆಗೆ ಮೇಣದಬತ್ತಿ ಹಚ್ಚಿ ಬಂದಿದ್ದಳು. ಜನವರಿಯ ಒಂದು ಬೆಳಿಗ್ಗೆ ನಲ್ಲಿಯ ಬಳಿ ನೀರಿನ ಕ್ಯಾನು ಎತ್ತುವಾಗ ತೊಡೆಯ ಮೇಲೆ ಬೆಚ್ಚಗೆ ಏನೋ ಇಳಿಯಿತು. ಗಾಡಿಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದಳು. ರಕ್ತ.

ಗಾಡಿ ಎಂದರೆ ಅವಳ ಮನೆ. ಚಕ್ರ ಇತ್ತು, ಒಂಬತ್ತು ವರ್ಷದಿಂದ ತಿರುಗಿರಲಿಲ್ಲ. ಐರ್ಲೆಂಡಿನ ಪಶ್ಚಿಮದ ಆ ಪಟ್ಟಣದವರು ತಮ್ಮ ಕಸ ಎಲ್ಲಿ ಸುರಿಯುತ್ತಿದ್ದರೋ ಅದರ ಪಕ್ಕದಲ್ಲೇ ಅಲೆಮಾರಿಗಳಿಗೂ ಜಾಗ ಕೊಟ್ಟಿದ್ದರು. ಹನ್ನೊಂದು ಸಂಸಾರ. ಒಂದು ನಲ್ಲಿ. ಅಜ್ಜಂದಿರ ಕಾಲದಲ್ಲಿ ಊರೂರು ತಿರುಗಿ ಪಾತ್ರೆಗೆ ಬೆಸುಗೆ ಹಾಕುತ್ತಿದ್ದ ಜನ ಇವರು. ಈಗ ಪ್ಲಾಸ್ಟಿಕ್ ಬಂದಿತ್ತು. ಬೆಸುಗೆ ಯಾರಿಗೂ ಬೇಡ. ಆದರೂ ಊರವರ ಬಾಯಲ್ಲಿ ಇವರು ಇನ್ನೂ 'ಕಲಾಯಿಯವರು'. ಬೈಗುಳಕ್ಕೆ ಮಾತ್ರ ಬೇಡಿಕೆ ಇಳಿದಿರಲಿಲ್ಲ.

ಕೊಳಕರು ಎಂದು ಊರವರು ಹೇಳುತ್ತಿದ್ದರು. ಊರವರ ಅಡುಗೆಮನೆಯಲ್ಲಿ ಒಂದೇ ತೊಟ್ಟಿ. ಅದರಲ್ಲೇ ತಟ್ಟೆ, ಅದರಲ್ಲೇ ಕಾಲುಚೀಲ. ವಿನ್ನಿ ಅದನ್ನು ಕಣ್ಣಾರೆ ಕಂಡು ಮೂಗು ಮುರಿದಿದ್ದಳು. ಇವರಲ್ಲಿ ಪಾತ್ರೆಗೊಂದು ಬೋಗುಣಿ, ಬಟ್ಟೆಗೊಂದು ಬೋಗುಣಿ. ಒಂದಕ್ಕೊಂದು ತಾಗಿದರೆ ಎಸೆಯಬೇಕು. ಹೆಂಗಸರ ಒಳಬಟ್ಟೆ ಗಂಡಸಿನ ಕಣ್ಣಿಗೆ ಬೀಳಬಾರದು. ಅದನ್ನು ದಿಂಬಿನ ಚೀಲದೊಳಗಿಟ್ಟು ಒಣಗಿಸಬೇಕು. ಹೆಂಗಸರ ಮಾತು ಗಂಡಸಿನ ಕಿವಿಗೂ ಬೀಳಬಾರದು. ವಿನ್ನಿ ಹನ್ನೊಂದು ಸಲ ಬಸುರಾದಳು. ಒಂದು ಸಲವೂ ಗಂಡನಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೊಟ್ಟೆಯೇ ಹೇಳಬೇಕಿತ್ತು.

ಪಟ್ಟಣದಲ್ಲಿ ನಾಲ್ವರು ಡಾಕ್ಟರು. ಮೂವರ ಪಟ್ಟಿ ಸದಾ ಭರ್ತಿ. ಊರವರು ಹೋದರೆ ಅದೇ ಪಟ್ಟಿಯಲ್ಲಿ ಜಾಗ ಹುಟ್ಟುತ್ತಿತ್ತು. ನಾಲ್ಕನೆಯವನು ಡಾಕ್ಟರ್ ಲವೆಲ್. ಧರ್ಮಾತ್ಮ ಎಂದು ಪಾದ್ರಿಯೇ ಹೊಗಳಿದ್ದ. ಅಲೆಮಾರಿಗಳನ್ನು ನೋಡುತ್ತಿದ್ದ. ಗುರುವಾರ ಮಾತ್ರ. ಎರಡರಿಂದ ನಾಲ್ಕು. ಹಿಂಬಾಗಿಲಿನಿಂದ.

ಹಿಂಬಾಗಿಲಿನ ಒಳಗೆ ಒಂದು ಓಣಿ. ನೆಲ ಒರೆಸುವ ಕೋಲು, ಬಕೆಟ್ಟು, ಒಂದು ಉದ್ದ ಬೆಂಚು. ವಾರಕ್ಕೆ ಒಂದೇ ದಿನವಾದ್ದರಿಂದ ಎಲ್ಲರೂ ಅಂದೇ ಬರಬೇಕು. ಅತ್ತೆ, ಸೊಸೆ, ಮೈದುನ, ಬೀಗ, ಮಾವ ಎಲ್ಲರೂ ಒಂದೇ ಬೆಂಚಿನಲ್ಲಿ. ಗೋಡೆಯಲ್ಲೊಂದು ಕಿಂಡಿ. ಕಿಂಡಿಯ ಹಿಂದೆ ಕನ್ಸೆಪ್ಟಾ. ಡಾಕ್ಟರ ಚೀಟಿ ಬರೆಯುವವಳು. ಯಾರಿಗೆ ಏನು ಕಾಯಿಲೆ ಎಂದು ಅವಳು ಇಡೀ ಓಣಿಗೆ ಕೇಳುವ ಹಾಗೆ ಕೇಳುತ್ತಿದ್ದಳು. ಹೇಳಿದ್ದನ್ನು ಕಾರ್ಡಿನಲ್ಲಿ ಬರೆಯುತ್ತಿದ್ದಳು. ಕಾರ್ಡಿನಲ್ಲಿ ಇದ್ದದ್ದಕ್ಕೆ ಡಾಕ್ಟರು ಮಾತ್ರೆ ಕೊಡುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರಿಗೂ ಕೊಡುವ ಮನಸ್ಸಿರಲಿಲ್ಲ.

ಆ ಗುರುವಾರ ವಿನ್ನಿ ಕಿಂಡಿಯ ಮುಂದೆ ನಿಂತಳು.

"ಏನು ನಿನಗೆ?"

ಬೆಂಚಿನ ಮೇಲೆ ಮೈದುನ ಟಾಮ್ ಕೂತಿದ್ದ. ಬೀಗ ಕೂತಿದ್ದ. ಹಿರಿಯ ಮಗ ಮಾರ್ಟಿನ್ ಗೋಡೆಗೆ ಒರಗಿ ನಿಂತಿದ್ದ.

"ಬೆನ್ನು," ಎಂದಳು.

"ನಿನಗೂ ಬೆನ್ನಾ? ಏನ್ರೇ, ದೇವರು ನಿಮ್ಮ ಕುಲದ ಹೆಂಗಸರಿಗೆ ಬೆನ್ನೊಂದೇ ಕೊಟ್ಟಿದಾನಾ?"

ಗಂಡಸರು ನಕ್ಕರು. ವಿನ್ನಿಯೂ ನಕ್ಕಳು. ನಗದೆ ಇದ್ದರೆ ಯಾರಾದರೂ ಯೋಚನೆ ಮಾಡುತ್ತಿದ್ದರು. ಅಂದು ಆ ಕಿಂಡಿಗೆ ಒಂಬತ್ತು ಹೆಂಗಸರು ಬಂದಿದ್ದರು. ಒಂಬತ್ತೂ ಬೆನ್ನು.

ಡಾಕ್ಟರ ಕೋಣೆಯಲ್ಲಾದರೂ ಹೇಳೋಣ ಎಂದರೆ ಗುರುವಾರ ಆ ಬಾಗಿಲು ತೆರೆದೇ ಇರುತ್ತಿತ್ತು. ಯಾವಾಗಲೋ ಒಂದು ಥರ್ಮಾಮೀಟರ್ ಕಾಣೆಯಾಗಿತ್ತಂತೆ. ಅಲೆಮಾರಿಗಳೇ ಕದ್ದರು ಎಂದು ಅಂದಿನಿಂದ ಬಾಗಿಲು ಹಾಕುವುದಿಲ್ಲ. ಥರ್ಮಾಮೀಟರ್ ಆಮೇಲೆ ಡಾಕ್ಟರ ಕೋಟಿನ ಜೇಬಿನಲ್ಲೇ ಸಿಕ್ಕಿತು. ಬಾಗಿಲು ಮಾತ್ರ ತೆರೆದೇ ಉಳಿಯಿತು.

ಬಿಳಿ ಮಾತ್ರೆ ಸಿಕ್ಕಿತು. ವಿನ್ನಿ ಅದನ್ನು ನುಂಗಿದಳು, ಮುಗಿದಾಗಲೆಲ್ಲ ಗುರುವಾರ ಹೋಗಿ ಬೆನ್ನು ಎಂದೇ ಬರೆಸಿ ಮತ್ತೆ ತಂದಳು. ರಕ್ತ ನಿಲ್ಲಲಿಲ್ಲ. ಎರಡು ವಾರ ಬಿಟ್ಟು ಬಂತು. ತಿಂಗಳು ಬಿಟ್ಟು ಬಂತು. ಆಮೇಲೆ ಬಿಡದೆ ಬಂತು. ಹಳೆಯ ಹಾಸಿಗೆ ಬಟ್ಟೆ ಹರಿದು ತುಂಡು ಮಾಡಿಕೊಂಡಳು. ಎಲ್ಲರೂ ಏಳುವ ಮುಂಚೆ ನೀರು ಹೊತ್ತು ತಂದು, ಅದಕ್ಕೆಂದೇ ಮೂರನೆಯ ಬೋಗುಣಿ ಇಟ್ಟು, ಗಾಡಿಯ ಹಿಂದೆ ಕೂತು ಒಗೆದಳು. ತಣ್ಣೀರಿಗೆ ಬೆರಳು ಸೆಟೆದುಕೊಳ್ಳುತ್ತಿತ್ತು. ಎಷ್ಟು ತಿಕ್ಕಿದರೂ ಕಂದು ಕಲೆ ಹೋಗುತ್ತಿರಲಿಲ್ಲ. ಒಣಗಿದ ಮೇಲೆ ಮಡಿಸಿ, ಒಂದು ಹಿಟ್ಟಿನ ಚೀಲಕ್ಕೆ ತುಂಬಿ ಹಾಸಿಗೆಯ ಕೆಳಗೆ ಇಟ್ಟಳು.

ಇಡುವಾಗ ಪ್ರತಿಸಲವೂ ಕೈ ನಿಲ್ಲುತ್ತಿತ್ತು. ಇಂಥದೇ ಇನ್ನೊಂದು ಚೀಲವನ್ನು ಅವಳು ನೋಡಿದ್ದಳು.

ಅದು ಅವಳ ಅಕ್ಕ ನೋರಾಳದು. ನೋರಾ ಸತ್ತು ಎರಡು ವರ್ಷ. ಅವಳ ಕಾರ್ಡಿನಲ್ಲೂ ಬೆನ್ನು. ಹೆಣಕ್ಕೆ ಸ್ನಾನ ಮಾಡಿಸಿದವಳು ವಿನ್ನಿ. ಮೈಯೆಲ್ಲ ಕಡ್ಡಿಯಾಗಿತ್ತು, ಕೆಳಹೊಟ್ಟೆ ಮಾತ್ರ ಕಲ್ಲಿನ ಹಾಗಿತ್ತು. ಹಾಸಿಗೆ ಎತ್ತಿದಾಗ ಚೀಲ ಸಿಕ್ಕಿತು. ಒಗೆದು ಮಡಿಸಿಟ್ಟ ತುಂಡುಬಟ್ಟೆ. ಸತ್ತವರ ಗಾಡಿಯನ್ನು ಸುಡುವುದು ಇವರ ಪದ್ಧತಿ. ಗಂಡಸರು ಸೀಮೆಎಣ್ಣೆ ಸುರಿಯುವ ಮುಂಚೆ ವಿನ್ನಿ ಓಡಿಹೋಗಿ ಆ ಚೀಲವನ್ನು ಒಳಗೆ, ಯಾರಿಗೂ ಕಾಣದ ಮೂಲೆಗೆ ತುರುಕಿ ಬಂದಿದ್ದಳು. ಅಕ್ಕನ ಮಾನ ಉಳಿಸಿದೆ ಎಂದುಕೊಂಡಿದ್ದಳು. ಅಕ್ಕನನ್ನು ಕೊಂದದ್ದು ಏನು ಎಂಬುದಕ್ಕೆ ಇದ್ದದ್ದು ಅದೊಂದೇ ಸಾಕ್ಷಿ. ಅದನ್ನು ಇವಳೇ ಬೆಂಕಿಗೆ ಹಾಕಿದಳು.

ಹತ್ತು ತಿಂಗಳಾಗುವಷ್ಟರಲ್ಲಿ ವಿನ್ನಿಯ ಹೊಟ್ಟೆ ಉಬ್ಬಿತು. ಸ್ಕರ್ಟಿನ ಗುಂಡಿ ಹಾಕಲು ಆಗಲಿಲ್ಲ. ಮುದುಕಿಗೆ ಮತ್ತೆ ಬಸುರೇನೋ ಎಂದು ಹುಡುಗಿಯರು ಕಿಸಕ್ಕೆಂದರು. ನವೆಂಬರಿನ ಒಂದು ಗುರುವಾರ ಅವಳು ಡಾಕ್ಟರ ಮೇಜಿನ ತನಕ ಬಾಗಿ, ಬಾಗಿಲಿಗೆ ಬೆನ್ನು ಮಾಡಿ, ಹೊಟ್ಟೆ ತೋರಿಸಿದಳು. ಅವನು ಕೋಟಿನ ಮೇಲಿಂದಲೇ ಎರಡು ಬೆರಳಿನಲ್ಲಿ ಒತ್ತಿದ.

"ಗಡ್ಡೆ ಇದೆ. ನಾರುಗಡ್ಡೆ. ಹೆದರ್ಕೋಬೇಡ, ಮುಟ್ಟು ನಿಂತ ಮೇಲೆ ತಾನಾಗೇ ಕುಗ್ಗುತ್ತೆ."

"ನಿಂತು ಏಳೆಂಟು ವರ್ಷ ಆಯ್ತು ಡಾಕ್ಟ್ರೇ," ವಿನ್ನಿಯ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. "ಇದು ಈಗ ಬೆಳೀತಾ ಐತೆ."

"ಆಲೂಗಡ್ಡೆ ಕಮ್ಮಿ ಮಾಡು."

"ಕೆಂಪು ಕಾಣ್ತಾ ಐತೆ."

ಡಾಕ್ಟರು ಮೊದಲ ಸಲ ತಲೆ ಎತ್ತಿದ. ಏನೋ ಯೋಚಿಸಿದ. ವಿನ್ನಿಗೆ ಆಸೆ ಹುಟ್ಟಿತು.

"ಹಾಗಾದ್ರೆ ಒಳಗೆ ಪರೀಕ್ಷೆ ಮಾಡ್ಬೇಕು. ನರ್ಸ್ ಇಲ್ದೆ ನಾನು ಹೆಂಗಸರನ್ನ ಪರೀಕ್ಷೆ ಮಾಡಲ್ಲ."

"ನರ್ಸಮ್ಮ ಯಾವತ್ತು ಬತ್ತಾರೆ?"

"ಮಂಗಳವಾರ."

"ಮಂಗಳವಾರ ಬರ್ಲಾ?"

"ನಿಮ್ಮ ದಿನ ಗುರುವಾರ," ಎಂದ ಡಾಕ್ಟರು. ಕೋಪದಿಂದ ಹೇಳಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎನ್ನುವ ಹಾಗೆ ಹೇಳಿದ. ಅದೇ ಬಿಳಿ ಮಾತ್ರೆ ಬರೆದುಕೊಟ್ಟ.

ಅಲ್ಲಿಂದ ನಾಲ್ಕು ತಿಂಗಳು ವಿನ್ನಿ ಸುಮ್ಮನಿದ್ದಳು. ನನಗೆ ಇದನ್ನು ಹೇಳಲು ಹೊಟ್ಟೆ ಉರಿಯುತ್ತದೆ. ಆದರೆ ಅವಳು ಸುಮ್ಮನಿದ್ದದ್ದು ನಿಜ. ನೀರು ಹೊತ್ತಳು. ಗುಜರಿಗೆ ಹಾಕಲು ತಾಮ್ರದ ತಂತಿಯ ಸಿಪ್ಪೆ ಸುಲಿದಳು. ಬುಟ್ಟಿಯಲ್ಲಿ ಟವೆಲ್ಲು, ಮೇಜುಬಟ್ಟೆ ಇಟ್ಟುಕೊಂಡು ಮನೆಮನೆಯ ಬಾಗಿಲು ತಟ್ಟಿದಳು. ಎರಡು ಬಾಗಿಲಿಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಕುಡಿದಿದ್ದಾಳೆ ಎಂದರು ಊರವರು.

ಮಾರ್ಚಿನ ಒಂದು ಸೋಮವಾರ ನಲ್ಲಿಯ ಬಳಿ ಅವಳ ಕೈಯಿಂದ ಕ್ಯಾನು ಜಾರಿತು. ಜಲ್ಲಿಯ ಮೇಲೆ ಅಂಗೈಯಗಲದ ರಕ್ತದ ಹೆಪ್ಪು ಬಿತ್ತು. ಮಾರ್ಟಿನ್‌ನ ಹೆಂಡತಿ ಐಲೀನ್ ಅಲ್ಲೇ ಇದ್ದಳು. ಅವಳು ತನ್ನ ಕ್ಯಾನಿನ ನೀರನ್ನೆಲ್ಲ ಅದರ ಮೇಲೆ ಸುರಿದಳು. ಯಾರೂ ನೋಡಬಾರದಲ್ಲ.

"ಎಷ್ಟು ದಿನದಿಂದ ಅತ್ತೆ?"

"ಹೋದ ವರ್ಷ ಜನವರಿಯಿಂದ."

"ಡಾಕ್ಟ್ರಿಗೆ ಹೇಳ್ಲಿಲ್ವಾ?"

"ಬೆನ್ನು ಅಂದೆ."

ಐಲೀನ್ ಅಳತೊಡಗಿದಳು. ಅವಳಿಗೆ ಮೂವತ್ನಾಲ್ಕು. "ನಾನೂ ಬೆನ್ನು ಅಂತ್ಲೇ ಬರ್ಸೋದು ಅತ್ತೆ," ಎಂದಳು. ಏನು ನಿನಗೆ ಎಂದು ವಿನ್ನಿ ಕೇಳಲಿಲ್ಲ. ಕೇಳುವುದು ಪದ್ಧತಿಯಲ್ಲ. ಆದರೆ ಜಲ್ಲಿಯ ಸಂದಿಯಲ್ಲಿ ಇಳಿದುಹೋಗುತ್ತಿದ್ದ ಆ ಕೆಂಪು ನೀರನ್ನು ನೋಡುತ್ತಾ ಅವಳಿಗೆ ಮೈಯೆಲ್ಲ ಸಿಟ್ಟು ಬಂತು. ಡಾಕ್ಟರ ಮೇಲೆ ಬಂತು. ಕಿಂಡಿಯ ಮೇಲೆ ಬಂತು. ಸುಟ್ಟುಹೋದ ಆ ಚೀಲದ ನೆನಪಾಗಿ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು.

"ಮಾರ್ಟಿನ್‌ಗೆ ಹೇಳು," ಎಂದಳು. "ನಾಳೆ ವ್ಯಾನು ತೆಗೀಲಿ. ಪೇಟೆಗೆ ಹೋಗ್ಬೇಕು."

ಮಂಗಳವಾರ ವಿನ್ನಿ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡಳು. ಹಾಸಿಗೆಯ ಕೆಳಗಿನ ಚೀಲ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಮಾರುವ ಸಾಮಾನು ಎಂದುಕೊಂಡ ಮಾರ್ಟಿನ್. ಡಾಕ್ಟರ ಮನೆಯ ಎದುರು ವ್ಯಾನು ನಿಲ್ಲಿಸಿದಾಗ, "ಇವತ್ತು ಗುರುವಾರ ಅಲ್ಲ ಕಣವ್ವ," ಎಂದ.

"ನಂಗೂ ಗೊತ್ತು."

ಮುಂಬಾಗಿಲನ್ನು ಅವಳು ಈ ಮೊದಲು ಟವೆಲ್ಲು ಮಾರಲು ಮಾತ್ರ ತಟ್ಟಿದ್ದಳು. ಒಳಗೆ ರತ್ನಗಂಬಳಿ ಹಾಸಿದ ನೆಲ, ಬೆಂಕಿಗೂಡು, ದಿಂಬು ಹಾಕಿದ ಕುರ್ಚಿ. ನಡುವೆ ಒಂದು ಮೇಜು, ಅದರ ಮೇಲೆ ಪತ್ರಿಕೆಗಳು. ಆರು ಜನ ಊರ ಹೆಂಗಸರು, ಒಬ್ಬ ಮುದುಕ. ಕನ್ಸೆಪ್ಟಾ ಇಲ್ಲಿ ಕಿಂಡಿಯ ಹಿಂದೆ ಇರಲಿಲ್ಲ. ಎದ್ದು ಓಡಾಡುತ್ತಾ, "ನೀವು ಕೂತ್ಕೊಳಿ ಮಿಸೆಸ್ ಹೆಷನ್, ಈಗ ಕರೀತಾರೆ," ಎಂದು ಜೇನಿನ ದನಿಯಲ್ಲಿ ಹೇಳುತ್ತಿದ್ದಳು. ವಿನ್ನಿಯನ್ನು ಕಂಡದ್ದೇ ಜೇನು ಬತ್ತಿತು.

"ಏಯ್, ನೀನ್ಯಾಕೆ ಇಲ್ಲಿ? ಗುರುವಾರ ಬಾ. ಹಿಂದ್ಗಡೆಯಿಂದ."

"ನನ್ನ ಗರ್ಭಕೋಶಕ್ಕೆ ಗುರುವಾರ ಯಾವುದು ಮಂಗಳವಾರ ಯಾವುದು ಗೊತ್ತಿಲ್ಲ ಕಣಮ್ಮ," ಎಂದಳು ವಿನ್ನಿ. "ಅದು ದಿನಾ ಸುರೀತದೆ."

ಕೋಣೆಯಲ್ಲಿ ಪತ್ರಿಕೆ ಮಗುಚುವ ಸದ್ದು ನಿಂತಿತು.

"ಛೀ! ಎಲ್ಲರ ಮುಂದೆ ಇಂಥಾ ಮಾತಾ? ಮಾನ ಮರ್ಯಾದೆ ಇಲ್ವಾ?"

"ಮಾನಾನಾ? ವಾರವಾರ ಮೈದುನನ ಮುಂದೆ, ಮಗನ ಮುಂದೆ ನಿಲ್ಸಿ ಏನು ನಿಂಗೆ ಅಂತ ಕೂಗ್ತಿದ್ಯಲ್ಲ, ಆವಾಗ ಎಲ್ಲಿತ್ತೇ ನಿನ್ನ ಮಾನ?"

"ಪೊಲೀಸ್ ಕರೀತೀನಿ."

"ಕರಿ. ಅವನ ಮುಂದೂ ಹೇಳ್ತೀನಿ."

ಕನ್ಸೆಪ್ಟಾ ಪೊಲೀಸರನ್ನು ಕರೆಯಲಿಲ್ಲ. ಬಾಗಿಲಿಗೆ ಹೋಗಿ ವ್ಯಾನಿನಲ್ಲಿದ್ದ ಮಾರ್ಟಿನ್‌ನನ್ನು ಕರೆದಳು. ನಿಮ್ಮಮ್ಮನ್ನ ಕರ್ಕೊಂಡು ಹೋಗು, ತಲೆ ಕೆಟ್ಟಿದೆ ಎಂದಳು. ಮಾರ್ಟಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಳಗೆ ಬಂದ. ನಲವತ್ತು ವರ್ಷದ ಗಂಡಸು, ಕಂಬಳಿಯ ಮೇಲೆ ಬೂಟು ಇಡಲು ಹೆದರುತ್ತಾ ಹೊಸ್ತಿಲಲ್ಲೇ ನಿಂತ.

"ಬಾವ್ವ, ಹೋಗಣ."

ವಿನ್ನಿ ಮಗನ ಮುಖ ನೋಡಿದಳು. ಈಗ ತಿರುಗಿ ಹೋದರೆ ಗುರುವಾರಗಳು ಮತ್ತೆ ಶುರುವಾಗುತ್ತವೆ, ಅವು ಮುಗಿಯುವ ದಿನ ಇವನೇ ತನ್ನ ಗಾಡಿಗೆ ಸೀಮೆಎಣ್ಣೆ ಸುರಿಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಚೀಲದ ಬಾಯಿ ಬಿಚ್ಚಿದಳು. ಪತ್ರಿಕೆಗಳ ಮೇಲೆ ತಲೆಕೆಳಗು ಮಾಡಿ ಸುರಿದಳು.

ಹದಿನಾಲ್ಕು ತಿಂಗಳ ತುಂಡುಬಟ್ಟೆ. ಒಗೆದದ್ದು, ಮಡಿಸಿದ್ದು. ಒಂದೊಂದರ ನಡುವೆಯೂ ಕಂದು ಕಲೆ. ಕೆಲವು ಜಾರಿ ಮಿಸೆಸ್ ಹೆಷನ್ನಳ ಕಾಲ ಬಳಿ ಬಿದ್ದವು.

"ನೋಡ್ಕಳಿ," ಎಂದಳು ವಿನ್ನಿ. "ಇದು ನನ್ನ ಬೆನ್ನು. ಮುಟ್ಟು ನಿಂತ ಮುದುಕಿ ನಾನು. ಹೊಟ್ಟೇಲಿ ಗಡ್ಡೆ ಐತೆ, ಕೆಳಗೆ ರಕ್ತ ಹೋಗ್ತೈತೆ. ನನ್ನ ಅಕ್ಕ ಇದ್ರಲ್ಲೇ ಸತ್ಲು. ಮಾರ್ಟಿನ್, ನೀನೂ ಕೇಳು. ನಿನ್ನ ಹೆತ್ತ ಜಾಗದ ಮಾತೇ ಇದು."

ಮಾರ್ಟಿನ್ ಒಂದು ಕ್ಷಣ ಆ ಬಟ್ಟೆಗಳನ್ನು ನೋಡಿದ. ಕಿವಿಯ ತನಕ ಕೆಂಪಾದ. ಟೋಪಿ ಹಾಕಿಕೊಂಡು ಹೊರಗೆ ಹೋದ.

ವಿನ್ನಿ ಖಾಲಿ ಕುರ್ಚಿಯಲ್ಲಿ ಕೂತಳು. ಅವಳಿಗೆ ಜಗತ್ತಿನಲ್ಲಿ ಯಾರೂ ಇಲ್ಲ ಅನ್ನಿಸಿತು. ಆಗ ಮಿಸೆಸ್ ಹೆಷನ್ ಬಗ್ಗಿ, ಕಾಲ ಬಳಿ ಬಿದ್ದಿದ್ದ ಒಂದು ತುಂಡನ್ನು ಎತ್ತಿ ಮೇಜಿನ ಮೇಲೆ ಇಟ್ಟಳು.

"ನನಗೂ ಹೋದ ವರ್ಷ ಹೀಗೇ ಆಗಿತ್ತು," ಎಂದಳು. ಯಾರಿಗೆ ಹೇಳುತ್ತಿದ್ದೇನೆ ಎಂದು ಅವಳಿಗೇ ತಿಳಿದಂತಿರಲಿಲ್ಲ. "ಒಂದೇ ಒಂದು ಸಲ. ಬೊಟ್ಟಿನಷ್ಟು. ಅದೇ ವಾರ ದೊಡ್ಡಾಸ್ಪತ್ರೆಗೆ ಬರೆದುಕೊಟ್ರು."

"ಇದೇ ಡಾಕ್ಟ್ರಾ?"

"ಇವರೇ."

ವಿನ್ನಿ ಅವಳನ್ನೇ ನೋಡಿದಳು. ಒಳ್ಳೆಯ ಹೆಂಗಸು, ನಾಲ್ಕು ಟವೆಲ್ಲು ಕೊಂಡವಳು, ಚೌಕಾಸಿ ಮಾಡದವಳು. ಅವಳ ಮೇಲೆ ವಿನ್ನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗಿಂತ ಕೆಟ್ಟದ್ದು ಬಂತು. ಬೊಟ್ಟಿಗೆ ಒಂದು ವಾರ, ಚೀಲಕ್ಕೆ ಹದಿನಾಲ್ಕು ತಿಂಗಳು.

ಗದ್ದಲಕ್ಕೆ ಡಾಕ್ಟರು ಹೊರಗೆ ಬಂದ. ಮೇಜು ನೋಡಿದ. ಊರ ಹೆಂಗಸರು ತನ್ನನ್ನೇ ನೋಡುತ್ತಿರುವುದನ್ನು ನೋಡಿದ. ನರ್ಸನ್ನು ಕರೆದ. ಅಂದು ವಿನ್ನಿಯ ಹಿಂದೆ ಬಾಗಿಲು ಮುಚ್ಚಿತು. ಪರೀಕ್ಷೆ ನಾಲ್ಕು ನಿಮಿಷ ಹಿಡಿಯಿತು. ಕೈಗವಸು ತೆಗೆಯುವಾಗ ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

ದೊಡ್ಡಾಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ನಾರುಗಡ್ಡೆಯಲ್ಲ, ಕ್ಯಾನ್ಸರ್. ಶ್ವಾಸಕೋಶದಲ್ಲೂ ಚುಕ್ಕೆ ಕಂಡಿತ್ತು. ಆಪರೇಷನ್ ಮಾಡಿದ ಡಾಕ್ಟರು ಹೆಂಗಸು, ಚಿಕ್ಕ ವಯಸ್ಸಿನವಳು. ಮಂಚದ ಅಂಚಿನಲ್ಲಿ ಕೂತು ಲವೆಲ್ ಕಳಿಸಿದ್ದ ಕಾರ್ಡು ತಿರುವಿದಳು.

"ಮುಟ್ಟು ನಿಂತ ಮೇಲೆ ಒಂದು ಹನಿ ಕಂಡ್ರೂ ಬರ್ಬೇಕಮ್ಮಾ. ನಿಂತ ಮೇಲೆ ಬೆಳೆಯೋ ಗಡ್ಡೇನ ನಂಬಬಾರದು. ಮೊದ್ಲೇ ಬಂದಿದ್ರೆ ಪೂರ್ತಿ ಗುಣ ಆಗ್ತಿತ್ತು. ಯಾಕೆ ಹೇಳ್ಲಿಲ್ಲ? ಇಲ್ಲೆಲ್ಲಾ ಬರೀ ಬೆನ್ನುನೋವು ಅಂತಿದೆ."

"ಎಷ್ಟು ಸಲ ಐತೆ?"

ಡಾಕ್ಟರು ಎಣಿಸಿದಳು. "ಇಪ್ಪತ್ತಾರು."

"ಇಪ್ಪತ್ತಾರು ಸಲ ಹೋಗಿವ್ನಿ ತಾಯಿ," ಎಂದಳು ವಿನ್ನಿ. "ಬರ್ಲಿಲ್ಲ ಅನ್ಬೇಡ."

ಎರಡು ವರ್ಷ ಸಿಗಬಹುದು ಎಂದರು. ಸಿಗದೆಯೂ ಇರಬಹುದು ಎಂದರು. ವಿನ್ನಿ ಹಿಂದಿರುಗಿ ಬಂದಳು. ಮಾರ್ಟಿನ್ ವ್ಯಾನು ಓಡಿಸಿದ. ಗಾಡಿಯ ಬಾಗಿಲಲ್ಲಿ ದಿನಾ ಎರಡು ಕ್ಯಾನು ನೀರು ಇಟ್ಟು ಹೋಗುತ್ತಿದ್ದ. ಅಮ್ಮನ ಮುಖ ನೋಡುತ್ತಿರಲಿಲ್ಲ.

ಹೊಲಿಗೆ ಬಿಚ್ಚಿದ ಮರುವಾರ, ಗುರುವಾರ, ಎರಡು ಗಂಟೆಗೆ ವಿನ್ನಿ ಕೋಲು ಊರಿಕೊಂಡು ಆ ಓಣಿಗೆ ಹೋದಳು. ತನಗಾಗಿ ಹೋಗಲಿಲ್ಲ. ಬೆಂಚು ತುಂಬಿತ್ತು. ಗಂಡಸರು ಹೆಂಗಸರು ಒತ್ತಿಕೊಂಡು ಕೂತಿದ್ದರು. ಕಿಂಡಿಯ ಮುಂದೆ ಐಲೀನ್.

"ಏನು?" ಎಂದಳು ಕನ್ಸೆಪ್ಟಾ.

ಐಲೀನ್ ಮಾವಂದಿರ ಕಡೆ ನೋಡಿದಳು. "ಬೆನ್..."

"ನಿಲ್ಲು," ಎಂದಳು ವಿನ್ನಿ. ಹೋಗಿ ಕಿಂಡಿಯ ಪಕ್ಕ ನಿಂತಳು. "ನೋರಾನೂ ಇದನ್ನೇ ಅಂದ್ಲು. ನಾನೂ ಅಂದೆ. ಇನ್ನು ಈ ಓಣೀಲಿ ಆ ಮಾತು ಬೇಡ. ಏನೈತೋ ಅದನ್ನ ಹೇಳು ಮಗಾ."

ಟಾಮ್ ಗಂಟಲು ಸರಿಮಾಡಿಕೊಂಡು, "ಅತ್ತಿಗೆ, ಗಂಡಸರಿದೀವಿ ಇಲ್ಲಿ," ಎಂದ.

"ಇದ್ರೆ ಇರಿ. ಅವಳು ಹೇಳ್ತಾಳೆ, ನೀವು ಕೇಳಿಸ್ಕಳಿ. ಇಲ್ಲಾಂದ್ರೆ ಅವಳೂ ಸಾಯ್ತಾಳೆ, ಗಾಡಿ ಸುಡೋಕೆ ನೀವೇ ಬರ್ತೀರ."

ಗೋಡೆಗೆ ಒರಗಿದ್ದ ಮಾರ್ಟಿನ್ ನೆಟ್ಟಗಾದ. ಹೆಂಡತಿಯನ್ನು ನೋಡಿದ. ಆಮೇಲೆ, ತಿಂಗಳ ಮೇಲೆ ಮೊದಲ ಸಲ, ಅಮ್ಮನ ಮುಖ ನೋಡಿದ.

"ಏಳ್ರೋ," ಎಂದ. "ಎಲ್ಲಾ ಗಂಡಸರೂ ಏಳ್ರಿ. ಆಚೆ ನಿಂತ್ಕಳಣ."

"ಮಳೆ ಬತ್ತಾ ಐತಲ್ಲೋ."

"ಬರ್ಲಿ. ನೆಂದ್ರೆ ಸಾಯಲ್ಲ."

ಒಬ್ಬೊಬ್ಬರೇ ಎದ್ದರು. ಗೊಣಗಿಕೊಂಡೇ ಹೋದರು. ನಾಚಿಕೆಯಿಂದ ಹೋದರೋ ಮರ್ಯಾದೆಯಿಂದ ಹೋದರೋ ವಿನ್ನಿ ಕೇಳಲಿಲ್ಲ. ಓಣಿಯಲ್ಲಿ ಹೆಂಗಸರು ಮಾತ್ರ ಉಳಿದರು.

"ಎದೇಲಿ ಗಂಟು," ಎಂದಳು ಐಲೀನ್. "ಎಡಗಡೆ. ಒಂದು ವರ್ಷ ಆಯ್ತು."

ಕನ್ಸೆಪ್ಟಾಳ ಪೆನ್ನು ಓಡಲಿಲ್ಲ.

"ಬರ್ಕೋ," ಎಂದಳು ವಿನ್ನಿ. ಐಲೀನ್ ಡಾಕ್ಟರ ಕೋಣೆಗೆ ಹೋದ ಕೂಡಲೇ ಕೋಲು ಊರುತ್ತಾ ಹಿಂದೆಯೇ ನಡೆದು, ವರ್ಷಗಟ್ಟಲೆ ಗುರುವಾರಗಳಲ್ಲಿ ತೆರೆದೇ ಇರುತ್ತಿದ್ದ ಆ ಬಾಗಿಲನ್ನು ಎಳೆದು ಮುಚ್ಚಿದಳು. ಒಳಗಿನಿಂದ ಯಾರೂ ತೆರೆಯಲಿಲ್ಲ.

ಮುಂದಿನ ಸರದಿ ಸ್ಯಾಲಿ ಅಜ್ಜಿಯದು. ಎಪ್ಪತ್ತೊಂದು ವರ್ಷ. ಹತ್ತೊಂಬತ್ತು ವರ್ಷದಿಂದ ಈ ಕಿಂಡಿಗೆ ಬರುತ್ತಿದ್ದವಳು. ಬಂದಾಗಲೆಲ್ಲ ಬಿಳಿ ಮಾತ್ರೆ ತೆಗೆದುಕೊಂಡು, ಕಾಲು ಅಗಲಿಸಿ ಇಟ್ಟುಕೊಂಡು ನಿಧಾನ ಹೋಗುತ್ತಿದ್ದವಳು. ಕನ್ಸೆಪ್ಟಾ ಅವಳನ್ನು ಕೇಳಲೂ ಇಲ್ಲ. ಕಾರ್ಡು ತೆಗೆದು ಬರೆಯತೊಡಗಿದಳು.

"ಹೊಡೆದಾಕು ಅದನ್ನ," ಎಂದಳು ಸ್ಯಾಲಿ ಅಜ್ಜಿ.

"ಯಾಕೆ, ಬೆನ್ನು ತಾನೆ?"

"ಕೊನೇ ಹೆರಿಗೆ ಆದಾಗಿಂದ ಗರ್ಭಕೋಶ ಜಾರೈತೆ. ಈಗ ಪೂರ್ತಿ ಆಚೆ ಬಂದೈತೆ, ಬಟ್ಟೆ ಕಟ್ಕೊಂಡು ನಡೀತೀನಿ," ಎಂದಳು ಅಜ್ಜಿ. ಎರಡೂ ಕೈಯನ್ನು ಕಿಂಡಿಯ ಕಟ್ಟೆಯ ಮೇಲೆ ಊರಿದಳು. "ನಂಗೆ ಯಾವತ್ತೂ ಬೆನ್ನು ನೋಯ್ಲೇ ಇಲ್ಲ ಕಣಮ್ಮ."